ಪೂರ್ವ ಬೆಂಗಳೂರಿನ ಸಾರ್ವಜನಿಕ ಆಸ್ಪತ್ರೆಗಳು

ಪೂರ್ವ ಬೆಂಗಳೂರಿನ ಸಾರ್ವಜನಿಕ ಆಸ್ಪತ್ರೆಗಳು ಎಂಬುದು ಬೆಂಗಳೂರು ದಂಡು ಪ್ರದೇಶ ಹಾಗೂ ಅದರ ಪೂರ್ವಕ್ಕಿರುವ ಹಲಸೂರು, ಇಂದಿರಾನಗರ, ಕೃಷ್ಣರಾಜಪುರ ಭಾಗಗಳಲ್ಲಿನ ಸರ್ಕಾರಿ ಮತ್ತು ಸಾರ್ವಜನಿಕ ಸಂಸ್ಥೆಗಳ ಆಸ್ಪತ್ರೆಗಳ ಸಮೂಹ. ಇವುಗಳಲ್ಲಿ ಅತ್ಯಂತ ಹಳೆಯದಾದ ಬೌರಿಂಗ್ ಆಸ್ಪತ್ರೆಯು ಶಿವಾಜಿನಗರದಲ್ಲಿದೆ. ಇಲ್ಲಿನ ಹಲವು ಆಸ್ಪತ್ರೆಗಳು ನಿರ್ದಿಷ್ಟ ಜನವರ್ಗವೊಂದಕ್ಕಾಗಿ ಸ್ಥಾಪನೆಯಾದವು. ನಗರವು ಪೂರ್ವಕ್ಕೆ ಬೆಳೆದಂತೆ ಎಲ್ಲರಿಗೂ ತೆರೆದ ದೊಡ್ಡ ಆಸ್ಪತ್ರೆಯು ಹೊಸ ಬಡಾವಣೆಗಳಿಂದ ದೂರವೇ ಉಳಿಯಿತು.

ಹಿನ್ನೆಲೆ

ಬ್ರಿಟಿಷ್ ಸೇನೆಯು 1809ರಲ್ಲಿ ಹಲಸೂರಿನ ಬಳಿ ದಂಡು ಪ್ರದೇಶವನ್ನು ಸ್ಥಾಪಿಸಿತು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ಈ ಪ್ರದೇಶವು ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿ ಮುಂದುವರಿಯಿತು. ಹೀಗಾಗಿ ಪೇಟೆ ಮತ್ತು ದಂಡು ಪ್ರದೇಶಗಳ ಆಸ್ಪತ್ರೆ ವ್ಯವಸ್ಥೆಗಳು ಬೇರೆ ಬೇರೆಯಾಗಿ ಬೆಳೆದವು. 1900ರಲ್ಲಿ ಉದ್ಘಾಟನೆಯಾದ ವಿಕ್ಟೋರಿಯಾ ಆಸ್ಪತ್ರೆಯು ಪೇಟೆಯ ಕಡೆಗಿದ್ದರೆ, ದಂಡಿನ ನಾಗರಿಕರಿಗೆ ಬೌರಿಂಗ್ ಆಸ್ಪತ್ರೆಯಿತ್ತು. 1947ರ ಜುಲೈನಲ್ಲಿ ಈ ಪ್ರದೇಶವು ಮೈಸೂರಿಗೆ ಮರಳಿತು. 1949ರಲ್ಲಿ ಎರಡೂ ಪುರಸಭೆಗಳು ಸೇರಿ ಬೆಂಗಳೂರು ನಗರ ಪಾಲಿಕೆಯಾಯಿತು.

ದಂಡು ಪ್ರದೇಶದ ಆಸ್ಪತ್ರೆಗಳು

1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೆಂಥಮ್ ಬೌರಿಂಗ್ ಅವರ ಕಾಲದಲ್ಲಿ ಸಿವಿಲ್ ಆಸ್ಪತ್ರೆಯಾಗಿ ಆರಂಭವಾದ ಸಂಸ್ಥೆಯೇ ಇಂದಿನ ಬೌರಿಂಗ್ ಆಸ್ಪತ್ರೆ. ಇದರ ವಿನ್ಯಾಸಕ್ಕೆ ಪ್ಯಾರಿಸಿನ ಲಾರಿಬ್ವಾಸಿಯೇರ್ ಆಸ್ಪತ್ರೆ ಮಾದರಿಯಾಗಿತ್ತು. ಮುಂದೆ ಮಹಿಳೆಯರಿಗಾಗಿ ಲೇಡಿ ಕರ್ಜನ್ ಆಸ್ಪತ್ರೆ ಸೇರಿಕೊಂಡಿತು. ದೀರ್ಘಕಾಲ ಬೆಂಗಳೂರು ವೈದ್ಯಕೀಯ ಕಾಲೇಜಿನ ಬೋಧನಾ ಆಸ್ಪತ್ರೆಯಾಗಿದ್ದ ಇದು, ಈಗ ಶ್ರೀ ಅಟಲ್ ಬಿಹಾರಿ ವಾಜಪೇಯಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಸಂಸ್ಥೆಗೆ ಸೇರಿದೆ. ಸಮೀಪದ ಬ್ರಾಡ್‌ವೇ ರಸ್ತೆಯಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಸಜ್ಜುಗೊಂಡ ಚರಕ ಆಸ್ಪತ್ರೆಯು 2020ರಲ್ಲಿ ಕೋವಿಡ್ ಚಿಕಿತ್ಸೆಯೊಂದಿಗೆ ಕಾರ್ಯಾರಂಭ ಮಾಡಿತು.

ಶಿವಾಜಿನಗರದ ಘೋಷಾ ಆಸ್ಪತ್ರೆಯು ವರ್ತಕ ಹಾಜಿ ಸರ್ ಇಸ್ಮಾಯಿಲ್ ಸೇಠ್ ಅವರ ದಾನದಿಂದ ನಿರ್ಮಾಣವಾಯಿತು. 'ಘೋಷಾ' ಎಂದರೆ ಪರದೆ ಪದ್ಧತಿ. ಪುರುಷರಿದ್ದ ಆಸ್ಪತ್ರೆಗೆ ಬರಲು ಹಿಂಜರಿಯುತ್ತಿದ್ದ ಮಹಿಳೆಯರಿಗೆ ಚಿಕಿತ್ಸೆ ದೊರಕಿಸುವುದು ಇದರ ಉದ್ದೇಶವಾಗಿತ್ತು. ಇಂದು ಇದು ಎಲ್ಲ ಸಮುದಾಯಗಳ ಮಹಿಳೆಯರಿಗೂ ಸೇವೆ ನೀಡುವ ಸರ್ಕಾರಿ ಹೆರಿಗೆ ಆಸ್ಪತ್ರೆಯಾಗಿದೆ.

ಹಲಸೂರು ಮತ್ತು ಇಂದಿರಾನಗರ

ಹಲಸೂರಿನಲ್ಲಿ ಪಾಲಿಕೆಯ ರೆಫರಲ್ ಆಸ್ಪತ್ರೆಯಿದೆ. ಹಳೆ ಮದ್ರಾಸ್ ರಸ್ತೆಯ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯ ಸುತ್ತಲೂ ಇಂದು ದಟ್ಟವಾದ ಬಡಾವಣೆಗಳಿವೆ. ಸರ್ ಸಿ. ವಿ. ರಾಮನ್ ಸಾರ್ವಜನಿಕ ಆಸ್ಪತ್ರೆಯೂ ಕಾರ್ಮಿಕರ ರಾಜ್ಯ ವಿಮಾ ಆಸ್ಪತ್ರೆಯೂ ಇಂದಿರಾನಗರದಲ್ಲಿವೆ. ಹಳೆಯ ವಿಮಾನ ನಿಲ್ದಾಣ ರಸ್ತೆಯ ವಾಯುಪಡೆಯ ಕಮಾಂಡ್ ಆಸ್ಪತ್ರೆಯು ಸೇನಾ ಸಿಬ್ಬಂದಿ ಮತ್ತು ಅವರ ಕುಟುಂಬದವರಿಗೆ ಮೀಸಲು.

ಕೃಷ್ಣರಾಜಪುರ ಮತ್ತು ಪೂರ್ವದ ಅಂಚು

1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್, 1948ರಲ್ಲಿ ದೂರವಾಣಿನಗರದ ಐಟಿಐ ಸ್ಥಾಪನೆಯಾದವು. ಈ ಕಾರ್ಖಾನೆಗಳು ತಮ್ಮ ನೌಕರರಿಗಾಗಿ ಸ್ವಂತ ಆಸ್ಪತ್ರೆಗಳನ್ನು ನಡೆಸಿದವು. ಪಟ್ಟಣವಾಗಿದ್ದ ಕೃಷ್ಣರಾಜಪುರವು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. ಇಲ್ಲಿನ ಸಾರ್ವಜನಿಕ ಆಸ್ಪತ್ರೆಯು ಬೆಂಗಳೂರು ಪೂರ್ವ ತಾಲ್ಲೂಕಿನ ಜನರ ಆಸರೆ. ಹೆಚ್ಚಿನ ಚಿಕಿತ್ಸೆ ಬೇಕಾದವರು ಹತ್ತು ಕಿಲೋಮೀಟರಿಗೂ ದೂರದ ಶಿವಾಜಿನಗರಕ್ಕೆ ಅಥವಾ ಅದಕ್ಕೂ ಆಚೆ ಹೋಗಬೇಕಾಗುತ್ತದೆ. ವೈಟ್‌ಫೀಲ್ಡ್‌ನಲ್ಲಿ 2001ರ ಜನವರಿ 19ರಂದು ಆರಂಭವಾದ ಶ್ರೀ ಸತ್ಯಸಾಯಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯು ಟ್ರಸ್ಟ್ ನಡೆಸುವ ಸಂಸ್ಥೆಯಾಗಿದ್ದು, ಹೃದಯ ಮತ್ತು ನರರೋಗಗಳಿಗೆ ಉಚಿತ ಚಿಕಿತ್ಸೆ ನೀಡುತ್ತದೆ.

ಸೇವೆಯ ಲಭ್ಯತೆ

ಕಾರ್ಮಿಕರ ರಾಜ್ಯ ವಿಮೆಯು 2017ರಿಂದ ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಪಡೆಯುವ, ನೋಂದಾಯಿತ ಸಂಸ್ಥೆಗಳ ನೌಕರರಿಗೆ ಅನ್ವಯಿಸುತ್ತಿದೆ. ಮನೆಗೆಲಸದವರು, ಬೀದಿ ವ್ಯಾಪಾರಿಗಳು ಮತ್ತು ಕಟ್ಟಡ ಕೆಲಸದ ದಿನಗೂಲಿಗಳಲ್ಲಿ ಹೆಚ್ಚಿನವರು ಇದರ ಹೊರಗಿದ್ದಾರೆ. ಅಂಥವರಿಗೆ ಸರ್ಕಾರಿ ಸಾರ್ವಜನಿಕ ಆಸ್ಪತ್ರೆಗಳೇ ಮುಖ್ಯ ಆಧಾರ. ಆಸ್ಪತ್ರೆ ದೂರವಾದಷ್ಟೂ ಪ್ರಯಾಣದ ವೆಚ್ಚದೊಂದಿಗೆ ಒಂದು ದಿನದ ಕೂಲಿಯೂ ನಷ್ಟವಾಗುತ್ತದೆ.

2008ರಲ್ಲಿ ಆರಂಭವಾದ 108 ಆರೋಗ್ಯ ಕವಚ ಆಂಬುಲೆನ್ಸ್ ಸೇವೆಯು ತುರ್ತು ರೋಗಿಗಳನ್ನು ಉಚಿತವಾಗಿ ಸಾಗಿಸುತ್ತದೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯು ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ವೆಚ್ಚವನ್ನು ಭರಿಸುತ್ತದೆ. ಸಣ್ಣಪುಟ್ಟ ಕಾಯಿಲೆಗಳಿಗೆ ವಾರ್ಡ್ ಮಟ್ಟದಲ್ಲೇ ಚಿಕಿತ್ಸೆ ನೀಡಲು 2022ರ ಡಿಸೆಂಬರ್‌ನಲ್ಲಿ ನಮ್ಮ ಕ್ಲಿನಿಕ್‌ಗಳು ಆರಂಭವಾದವು. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ–ಕೃಷ್ಣರಾಜಪುರ ಮಾರ್ಗ ತೆರೆದ ನಂತರ ವೈಟ್‌ಫೀಲ್ಡ್‌ನಿಂದ ಇಂದಿರಾನಗರ, ಹಲಸೂರುಗಳಿಗೆ ನೇರ ಮೆಟ್ರೊ ಸಂಪರ್ಕ ದೊರೆತಿದೆ.