ದೀಕ್ಷಾಸ್ನಾನ ಆದಮ್ಯಾಲ ಏನು? ನಮ್ಮ ನೇಕಾರರ ಸೀಮೆಯ ಒಂದು ಹಳೇ ಪ್ರಶ್ನೆ

 

ಜಮಖಂಡಿ ಸಂಸ್ಥಾನದ ಸಂಚಿಕೆ ಬಂದ ಮೇಲೆ ಗೆಳೆಯನೊಬ್ಬ ರಾತ್ರಿ ಮೆಸೇಜ್ ಹಾಕಿದ. ನೇಕಾರರ ಮನೆಯವ, ಹುಟ್ಟಾ ಕ್ರೈಸ್ತ. ಹೋದ ವರ್ಷ ಅವನ ಅಪ್ಪ ತೀರಿಕೊಂಡ್ರು. "ದಿನಾ ಆ್ಯಪ್‌ನಾಗ ವಾಕ್ಯ ಓದ್ತೀನೋ. ಇನ್ನೂರು ದಿನದ ಸ್ಟ್ರೀಕ್ ಐತಿ. ಆದ್ರ ದೇವರ ಹತ್ರ ಒಂದ್ ಹೆಜ್ಜೀನೂ ಹೋಗಿಲ್ಲ ಅನಸ್ತೈತಿ. ಅಪ್ಪ ಹೆಂಗ ಹೋಗಿದ್ದ?"

ನಾನು ಬಿ.ಕಾಂ ಓದಿದವ, ಕ್ರೈಸ್ತನೂ ಅಲ್ಲ. ಏನು ಹೇಳಬೇಕು ತಿಳೀಲಿಲ್ಲ. ಗೊತ್ತಿರೋ ಕೆಲಸ ಮಾಡ್ದೆ, ಇತಿಹಾಸ ಹುಡುಕ್ದೆ. ಇದೇ ಪ್ರಶ್ನೆ ನಮ್ಮ ಸೀಮೆಯಲ್ಲಿ 180 ವರ್ಷದ ಹಿಂದೆಯೂ ಜನರನ್ನ ಕಾಡಿತ್ತು.

ಮೊದಲು ನಕ್ಷೆ ನೋಡೋಣ. ಆಗ ಜಮಖಂಡಿ ಪಟವರ್ಧನರದ್ದು, ಮುಧೋಳ ಘೋರ್ಪಡೆಯವರದ್ದು. ಈಗ ಒಂದೇ ಊರಿನಂತಿರೋ ರಬಕವಿ-ಬನಹಟ್ಟಿಯಲ್ಲಿ ರಬಕವಿ ಸಾಂಗ್ಲಿ ಸಂಸ್ಥಾನಕ್ಕೆ, ಬನಹಟ್ಟಿ ಜಮಖಂಡಿಗೆ ಸೇರಿದ್ವು. ಬಾದಾಮಿ, ಬಾಗಲಕೋಟೆ, ಬೀಳಗಿ ಕಡೆ ಕಂಪನಿ ಸರಕಾರ. ಕಂಪನಿಯ ಸೀಮೆಗೆ ಬಂದವರು ಬಾಸೆಲ್ ಮಿಷನ್‌ನವರು. 1815ರಲ್ಲಿ ಸ್ವಿಟ್ಜರ್ಲೆಂಡ್‌ನ ಬಾಸೆಲ್‌ನಲ್ಲಿ ಹುಟ್ಟಿದ ಸಂಸ್ಥೆ ಅದು. 1834ರಲ್ಲಿ ಮಂಗಳೂರು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ. ಕೊನೆಗೆ 1851ರಲ್ಲಿ ನಮ್ಮ ಮಗ್ಗಲಿನ ಗುಳೇದಗುಡ್ಡ. ಖಣಕ್ಕೆ ಹೆಸರಾದ ಊರು, ನೇಕಾರರ ಊರು.

ಈ ಪಾದ್ರಿಗಳಲ್ಲಿ ಬಹಳ ಜನ ದಕ್ಷಿಣ ಜರ್ಮನಿಯ ಹಳ್ಳಿಗಳಿಂದ ಬಂದವರು, ಪಯಟಿಸ್ಟ್ ಪಂಥದವರು. ಅದು 1600ರ ದಶಕಗಳ ಕೊನೆಯಲ್ಲಿ ಜರ್ಮನಿಯಲ್ಲಿ ಬೆಳೆದ ಚಳವಳಿ. ಚರ್ಚಿನ ಪಟ್ಟಿಯಲ್ಲಿ ಹೆಸರಿದ್ರೆ ಸಾಲದು, ಎದೆಯೊಳಗೆ ಏನಾದ್ರೂ ಆಗಬೇಕು ಅನ್ನೋದು ಅವರ ಹಟ. ಮನೆಗಳಲ್ಲಿ ಸಣ್ಣ ಗುಂಪಾಗಿ ಕೂತು ಬೈಬಲ್ ಓದೋದು, ತಮ್ಮನ್ನ ತಾವೇ ಪರೀಕ್ಷೆ ಮಾಡಿಕೊಳ್ಳೋದು ಅವರ ರೂಢಿ. ಬಾಸೆಲ್ ಮಿಷನ್ ಸೇರಬೇಕಂದ್ರೆ ಅರ್ಜಿ ಜೊತೆ ತಮ್ಮ ಆತ್ಮದ ಕತೆಯನ್ನೂ ಬರೆದು ಕೊಡಬೇಕಿತ್ತು: ಎಲ್ಲಿ ಬಿದ್ದೆ, ಎಲ್ಲಿ ಎದ್ದೆ, ದೇವರು ಹೆಂಗ ಕರೆದ. ಒಂಥರಾ ರೆಸ್ಯೂಮೆ, ಆದ್ರೆ ಸೋಲುಗಳನ್ನೂ ಬರೀಬೇಕಾದ ರೆಸ್ಯೂಮೆ.

ಇಲ್ಲಿಗೆ ಬಂದ ಮೇಲೆ ಅವರಿಗೆ ಕಾಲಜ್ಞಾನಿಗಳು ಸಿಕ್ಕರು. ಹುಬ್ಬಳ್ಳಿ-ಗದಗ ಸೀಮೆಯಲ್ಲಿ ಕಾಲಜ್ಞಾನದ ಗ್ರಂಥಗಳನ್ನ ಓದಿಕೊಂಡು, ಬರಲಿರುವ ಒಳ್ಳೇ ಕಾಲಕ್ಕೆ ಕಾಯ್ತಿದ್ದ ಪಂಗಡ. ಪಾದ್ರಿಗಳ ಮಾತು ಕೇಳಿ, ತಮ್ಮ ಗ್ರಂಥ ಹೇಳಿದ್ದು ಇದೇ ಇರಬಹುದು ಅಂತ ಅವರಲ್ಲಿ ಕೆಲವರಿಗೆ ಅನಿಸ್ತು. ಪಾದ್ರಿಗಳಿಗೆ ರೋಮಾಂಚನ! ಸಾವಿರಾರು ಜನ ಬಂದೇ ಬಿಡ್ತಾರೆ ಅನ್ನೋ ಆಸೆ. 1841ರಲ್ಲಿ ಬೆಟಗೇರಿ ಹತ್ರ ಮಲಸಮುದ್ರದಲ್ಲಿ ಅವರಿಗಂತ ಒಂದು ಕೃಷಿ ವಸಾಹತು ಶುರು ಮಾಡಿದ್ರು. ಕಾದ ಜನ ಬರಲೇ ಇಲ್ಲ. ಬಂದವರು ಬೆರಳೆಣಿಕೆ.

ಕಾಮರ್ಸ್ ಕಣ್ಣಿಂದ ನೋಡಿದ್ರೆ ಇದು ಲಾಸ್. ಆದ್ರೆ ಕಾಲಜ್ಞಾನಿಗಳ ಕಡೆಯಿಂದ ನೋಡ್ರಿ. ಕ್ರೈಸ್ತನಾದ್ರೆ ಜಾತಿ ಹೊರಗೆ ಹಾಕ್ತಿತ್ತು, ನೆಂಟಸ್ತಿಕೆ ಕಡೀತಿತ್ತು, ಆಸ್ತಿ ಹಿಸ್ಸೆಯೂ ಕೈತಪ್ಪಬಹುದಿತ್ತು. ಧರ್ಮ ಬಿಟ್ಟವರ ಪಿತ್ರಾರ್ಜಿತ ಹಕ್ಕು ಹೋಗಬಾರದು ಅನ್ನೋ ಕಾನೂನು ಬಂದದ್ದೇ 1850ರಲ್ಲಿ. ಅದೂ ಕಂಪನಿ ಆಳ್ವಿಕೆಯ ಸೀಮೆಗೆ. ಜಮಖಂಡಿ, ಮುಧೋಳದಂಥ ಸಂಸ್ಥಾನಗಳಲ್ಲಿ ಬೇರೆ ಲೆಕ್ಕ. ಒಂದು ಹೊಳೆ ದಾಟಿದ್ರೆ ಕಾನೂನೇ ಬದಲು. ಹಂಗಿದ್ದಾಗ ಹೊಸ್ತಿಲ ತನಕ ಬಂದು ತಿರುಗಿ ಹೋದವರನ್ನ ಅಂಜುಬುರುಕರು ಅನ್ನೋಕೆ ನನಗೆ ಬಾಯಿ ಬರಲ್ಲ. ದಾಟಿದ ಕೆಲವರು ಏನು ಕೊಟ್ಟು ದಾಟಿದ್ರು ಅನ್ನೋದೂ ಇದರಿಂದಲೇ ತಿಳೀತದೆ.

ದಾಟಿದ ಮೇಲೆ ಏನು? ಬ್ಯಾಪ್ಟಿಸಂಗೆ ಕನ್ನಡ ಬೈಬಲ್ಲಿನಲ್ಲಿ ಇರೋ ಪದ ದೀಕ್ಷಾಸ್ನಾನ. ದೀಕ್ಷೆ ಅನ್ನೋ ಮಾತು ನಮ್ಮ ನೆಲದ್ದೇ. ದೀಕ್ಷೆ ಅಂದ್ರೆ ಆರಂಭ ಅಂತ ಇಲ್ಲಿನ ಜನಕ್ಕೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಶರಣರ ಪರಂಪರೆಯಲ್ಲಿ ಷಟ್‌ಸ್ಥಲ ಇತ್ತು: ಭಕ್ತನಿಂದ ಐಕ್ಯದ ತನಕ ಆರು ನೆಲೆ. ಬೈಬಲ್ಲಿನಲ್ಲೂ ಬೆಳೆಯೋ ಮಾತಿದೆ. ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿ ಹಾಲು ಕುಡಿಯೋ ಕೂಸಿಗೂ ಗಟ್ಟಿ ಊಟ ಮಾಡೋ ದೊಡ್ಡವರಿಗೂ ಹೋಲಿಕೆ ಬರ್ತದೆ. ಎರಡೂ ಒಂದೇ ದಾರಿ ಅಂತ ನಾನು ಹೇಳ್ತಿಲ್ಲ. ಆದ್ರೆ ಭಕ್ತಿ ಅನ್ನೋದು ಬೆಳೀಬೇಕಾದದ್ದು ಅನ್ನೋ ತಿಳಿವಳಿಕೆ ಈ ಸೀಮೆಗೆ ಹೊಸದಾಗಿರಲಿಲ್ಲ.

ಕಲಿಸೋಕೆ ಬಂದವರೂ ಬೆಳೀಬೇಕಾಯ್ತು. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಂದಾಗ 21 ವರ್ಷ, ನನಗಿಂತ ಸಣ್ಣವ. ಬೋಧನೆಗೆ ಬಂದವರು ಕನ್ನಡಕ್ಕೆ ವಿದ್ಯಾರ್ಥಿಯಾದ್ರು. 1862ರಲ್ಲಿ ಯೇಸುವಿನ ಕತೆಯನ್ನ ನಮ್ಮ ಛಂದಸ್ಸಿನಲ್ಲೇ 'ಕಥಾಮಾಲೆ' ಅಂತ ಬರೆದ್ರು. 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಬಂತು. ಬಂದಾಗಿನಿಂದ ಅಲ್ಲೀತನಕ 41 ವರ್ಷ. ಅದಕ್ಕೂ ಮುಂಚೆ ಹರ್ಮನ್ ಮೋಗ್ಲಿಂಗ್ ಬಸವ ಪುರಾಣ, ದಾಸರ ಪದಗಳನ್ನ ಅಚ್ಚು ಹಾಕಿಸಿದ್ರು. ಬದಲಾಯಿಸೋಕೆ ಬಂದವರು ಕೇಳಿಸಿಕೊಳ್ಳೋದನ್ನೂ ಕಲಿತ್ರು.

ಆಮೇಲೆ 1914. ಮೊದಲನೇ ಮಹಾಯುದ್ಧ. ಜರ್ಮನ್ ಪಾದ್ರಿಗಳು ಬ್ರಿಟಿಷರಿಗೆ ಶತ್ರು ದೇಶದವರಾದ್ರು. ಅವರನ್ನ ಬಂಧಿಸಿ, ಕೊನೆಗೆ ದೇಶದಿಂದಲೇ ಕಳಿಸಿಬಿಟ್ರು. ಅಲ್ಲೀತನಕ ಯಾರನ್ನ ಸಭೆಗೆ ಸೇರಿಸಬೇಕು, ಯಾರನ್ನ ತಿದ್ದಬೇಕು ಅನ್ನೋದರಲ್ಲೆಲ್ಲ ಅವರದೇ ಮಾತು ನಡೀತಿತ್ತು, ಅಪ್ಪನ ಹಂಗೆ. ಈಗ ಅಪ್ಪ ಇಲ್ಲ. ಆದ್ರೂ ಸಭೆಗಳು ಉಳಿದ್ವು. ಇವತ್ತು ಅವು ಧಾರವಾಡ ಕೇಂದ್ರವಾಗಿರೋ ಸಿಎಸ್‌ಐ ಕರ್ನಾಟಕ ಉತ್ತರ ಸಭಾಪ್ರಾಂತದ ಅಡಿಯಲ್ಲಿವೆ. ಮಿಷನ್ ಕೊಟ್ಟ ನಂಬಿಕೆ ಇಲ್ಲಿನವರ ಸ್ವಂತದ್ದು ಆಗಿತ್ತು ಅಂತ ಗೊತ್ತಾದದ್ದು ಕೊಟ್ಟವರು ಹೋದ ಮೇಲೆಯೇ ಅಂತ ನನಗನಿಸ್ತದೆ.

ಇದನ್ನೆಲ್ಲ ಗೆಳೆಯನಿಗೆ ಹೇಳೋಕೆ ಅವನ ಮನೆಗೆ ಹೋದೆ. ಕುಣಿ ಮಗ್ಗ ಹಂಗೇ ಇದೆ, ಅಪ್ಪ ಕೂರ್ತಿದ್ದ ಜಾಗ ಖಾಲಿ. ಅಪ್ಪನ ಬೈಬಲ್ ತೋರಿಸಿದ. ಕೆಲವು ಹಾಳೆ ಹೊಚ್ಚ ಹೊಸದು, ಬೆರಳೇ ಸೋಕಿಲ್ಲ. ಕೆಲವು ಹಾಳೆ ಮುಟ್ಟಿ ಮುಟ್ಟಿ ಕಪ್ಪಾಗಿವೆ.

"ಪೂರ್ತಿ ಓದ್ಯಾನ ಅನ್ಕೊಂಡಿದ್ದೆ," ಅಂದ. "ಹತ್ತು ಹಾಳೀನೇ ಜೀವನಪೂರ್ತಿ ಓದ್ಯಾನ ನೋಡು."

ಅವತ್ತು ರಾತ್ರಿ ಅವನ ಸ್ಟ್ರೀಕ್ ಮುರೀತು. ಆ್ಯಪ್ ತೆಗೀಲೇ ಇಲ್ವಂತೆ. ಆ ಕಪ್ಪಾದ ಹಾಳೆಗಳಲ್ಲಿ ಒಂದನ್ನ ಓದಿದ್ನಂತೆ, ಎರಡು ಸಲ. ದೇವರು ಹತ್ರ ಬಂದ್ನೋ ಇಲ್ವೋ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಿಮ್ಮ ಮನೇಲೂ ಹಿರಿಯರು ಓದಿ ಓದಿ ಸವೆಸಿದ ಪುಸ್ತಕ ಇರಬಹುದು: ವಚನದ್ದೋ, ಕುರಾನೋ, ಭಜನೆಯದ್ದೋ. ಯಾವ ಹಾಳೆ ಸವೆದಿದೆ ನೋಡಿ, ನಮಗೆ ವಾಯ್ಸ್ ಮೆಸೇಜ್ ಕಳಿಸ್ರಿ. ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ. ಬರ್ತೀನ್ರಿ, ಶರಣು.