ಮನೆಯ ಬೆಲೆಯೂ ಊರಿನ ತೆರಿಗೆಯೂ

ಪುರಸಭೆಯಿಂದ ಮನೆಬಾಗಿಲಿಗೆ ಬರುವ ಕಾಗದಗಳಲ್ಲಿ ಮನೆಗಂದಾಯದ ಚೀಟಿಯಷ್ಟು ಅಪ್ರಿಯವಾದುದು ಮತ್ತೊಂದಿಲ್ಲ. ಮನೆಗಳಿಗೆ ಹೊಸದಾಗಿ ಬೆಲೆ ಕಟ್ಟಿದ ವರ್ಷವಾದರಂತೂ ಹೇಳುವುದೇ ಬೇಡ. “ಗೋಡೆಗೆ ಒಂದು ಮೊಳೆಯನ್ನು ಕೂಡ ನಾನು ಹೊಡೆಸಲಿಲ್ಲವಲ್ಲ, ಬೆಲೆ ಹೇಗೆ ಏರಿತು?” ಎಂದು ಗೃಹಸ್ಥನು ಕೇಳುತ್ತಾನೆ. ಈ ಪ್ರಶ್ನೆಯು ಬ್ರಿಟನ್ನಿನ ರಾಜಕೀಯವನ್ನೇ ಅಲುಗಿಸಿದ ಬಗೆಯನ್ನು ಈ ಹೊತ್ತು ತಮ್ಮಲ್ಲಿ ಅರಿಕೆ ಮಾಡಬೇಕೆಂದಿದ್ದೇನೆ.

ಮೊದಲು ಲೆಕ್ಕದ ಒಂದು ಮಾತು. ಊರಿನ ವೆಚ್ಚಕ್ಕೆ 1,000 ಪೌಂಡು ಬೇಕು. ಮನೆಗಳ ಒಟ್ಟು ವಾರ್ಷಿಕ ಬಾಡಿಗೆಯ ಬೆಲೆ 10,000 ಪೌಂಡು ಎಂದಿಟ್ಟುಕೊಳ್ಳೋಣ. ಆಗ ತೆರಿಗೆಯ ದರ ಪೌಂಡಿಗೆ 2 ಷಿಲ್ಲಿಂಗ್. ಎಲ್ಲ ಬೆಲೆಗಳೂ ಎರಡರಷ್ಟಾದರೆ ದರ 1 ಷಿಲ್ಲಿಂಗಿಗೆ ಇಳಿಯುವುದು. ಯಾರಿಗೂ ಒಂದು ಕಾಸೂ ಹೆಚ್ಚಾಗದು. ಆದರೆ ಬೆಲೆಗಳು ಹೀಗೆ ಕೈಹಿಡಿದುಕೊಂಡು ಏರುವುದಿಲ್ಲ. ಆದ್ದರಿಂದ ಹೊಸ ಬೆಲೆಕಟ್ಟು ಹೊರೆಯನ್ನು ಒಂದು ಹೆಗಲಿನಿಂದ ಮತ್ತೊಂದು ಹೆಗಲಿಗೆ ಸಾಗಿಸುತ್ತದೆ. ಹೊರೆ ಇಳಿದವನು ಸುಮ್ಮನಿರುತ್ತಾನೆ, ಏರಿದವನು ಕೂಗುತ್ತಾನೆ.

ಹಾಗಾದರೆ ಬೆಲೆಯನ್ನು ಮುಟ್ಟದೆಯೇ ಬಿಡಬಾರದೆ? ಅದನ್ನೂ ಆಂಗ್ಲರು ಮಾಡಿ ನೋಡಿದ್ದರು. 1692ರ ಶಾಸನದಂತೆ ನಿಗದಿಯಾದ ಭೂತೆರಿಗೆಯ ಅಂದಾಜನ್ನು ಅವರು ಮರಳಿ ತಿದ್ದಲಿಲ್ಲ. ಕೆಲವು ಸೀಮೆಗಳು ಸಿರಿವಂತವಾದುವು, ಕೆಲವು ಹಿಂದೆ ಬಿದ್ದುವು. ತೆರಿಗೆಯ ಪಾಲು ಮಾತ್ರ ಇದ್ದಂತೆಯೇ ಇತ್ತು. ಈ ವಿಷಮತೆಯನ್ನು ಆಡಂ ಸ್ಮಿತ್ತನು 1776ರಲ್ಲಿಯೇ ಎತ್ತಿ ತೋರಿಸಿದನು. ಆ ತೆರಿಗೆಯ ಕೊನೆಯ ಅವಶೇಷವು ರದ್ದಾದುದು 1963ರಲ್ಲಿ!

ಊರಿನ ತೆರಿಗೆಯ ಕಥೆ ಬೇರೆ. 1601ರ ದರಿದ್ರಪಾಲನೆಯ ಶಾಸನದಿಂದ ಬೆಳೆದ ಈ ‘ರೇಟು’ ಕಾಲಕ್ರಮದಲ್ಲಿ ಮನೆಯ ವಾರ್ಷಿಕ ಬಾಡಿಗೆಯ ಅಂದಾಜನ್ನು ಆಶ್ರಯಿಸಿತು. ನಮ್ಮ ಮುನಿಸಿಪಾಲಿಟಿಗಳಿಗೂ ಈ ತತ್ತ್ವವು ಬ್ರಿಟಿಷ್ ಆಡಳಿತದ ಮೂಲಕ ಬಂದುದೇ. ಬೆಂಗಳೂರಿನವರು 2000ದಲ್ಲಿ ತಮ್ಮ ತೆರಿಗೆಯನ್ನು ತಾವೇ ಲೆಕ್ಕ ಹಾಕಿಕೊಳ್ಳುವ ಪದ್ಧತಿಗೆ ತಿರುಗಿದರು.

ಇಂಗ್ಲೆಂಡು 1973ರ ಬಳಿಕ ಬೆಲೆಕಟ್ಟುವ ಕಾರ್ಯವನ್ನು ಮುಂದೂಡುತ್ತಲೇ ಹೋಯಿತು. ಸ್ಕಾಟ್ಲೆಂಡು ಮಾತ್ರ ನಿಯಮನಿಷ್ಠೆಯಿಂದ 1978ರಲ್ಲಿಯೂ 1985ರಲ್ಲಿಯೂ ಅದನ್ನು ನಡೆಸಿತು. ಕರ್ತವ್ಯವನ್ನು ಮಾಡಿದವರಿಗೆ ಸಂದ ಬಹುಮಾನವಾದರೂ ಏನು? ಅಲ್ಲಿ ಕೈಗಾರಿಕೆಯು ಕುಗ್ಗಿದ್ದ ಕಾಲವದು; ಹೊಸ ಅಂದಾಜಿನಲ್ಲಿ ಕಾರ್ಖಾನೆಗಳ ಪಾಲು ತಗ್ಗಿ ವಾಸದ ಮನೆಗಳ ಪಾಲು ಏರಿತು. ಮಧ್ಯಮವರ್ಗದವರು ಕಿಡಿಕಿಡಿಯಾದರು. ದೊಡ್ಡ ಮನೆಯಲ್ಲಿ ಒಬ್ಬಳೇ ಉಳಿದ ವಿಧವೆ ಕೊಡುವ ತೆರಿಗೆಯನ್ನೇ ಪಕ್ಕದ ಮನೆಯ ನಾಲ್ವರು ಸಂಪಾದಕರು ಸೇರಿ ಕೊಡುವುದು ಯಾವ ನ್ಯಾಯ ಎಂದು ಕೇಳಿದರು. ಪ್ರಶ್ನೆ ಹುಸಿಯಲ್ಲ. ಆದರೆ ಅದಕ್ಕೆ ದೊರೆತ ಉತ್ತರ ರೋಗಕ್ಕಿಂತ ಘೋರವಾಯಿತು.

ಮಾರ್ಗರೆಟ್ ಥ್ಯಾಚರರ ಸರ್ಕಾರವು ಮನೆಯ ಬೆಲೆಯನ್ನೇ ಕೈಬಿಟ್ಟು ತಲೆಗಂದಾಯವನ್ನು ಹೂಡಿತು: ಸ್ಕಾಟ್ಲೆಂಡಿನಲ್ಲಿ 1989ರ ಏಪ್ರಿಲಿನಿಂದ, ಇಂಗ್ಲೆಂಡು ವೇಲ್ಸುಗಳಲ್ಲಿ ಮರುವರ್ಷದಿಂದ. ಕಡುಬಡವರಿಗೆ ರಿಯಾಯಿತಿ ಇದ್ದಿತಾದರೂ, ಒಂದೇ ಊರಿನಲ್ಲಿ ಜಹಗೀರುದಾರನಿಗೂ ಅವನ ತೋಟದ ಮಾಲಿಗೂ ಒಂದೇ ದರ. 1381ರಲ್ಲಿ ತಲೆಗಂದಾಯವೇ ರೈತರ ದಂಗೆಯನ್ನು ಕೆರಳಿಸಿದ್ದುದನ್ನು ಮಂತ್ರಿಗಳು ಮರೆತಿದ್ದರೋ ಏನೋ! ಲಕ್ಷಾಂತರ ಜನರು ಹಣ ಕಟ್ಟಲಿಲ್ಲ. 1990ರ ಮಾರ್ಚ್ 31ರಂದು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಗಲಭೆಯೆದ್ದಿತು. ಯೂರೋಪಿನ ವಿಷಯವಾಗಿ ಪಕ್ಷದೊಳಗೆ ಹುಟ್ಟಿದ್ದ ಬಿರುಕೂ ಇದಕ್ಕೆ ಕೂಡಿಕೊಂಡು, ಆ ವರ್ಷದ ನವೆಂಬರಿನಲ್ಲಿ ಪ್ರಧಾನಿಯು ಅಧಿಕಾರವನ್ನು ಬಿಡಬೇಕಾಯಿತು.

1993ರಲ್ಲಿ ಮನೆಯ ಬೆಲೆ ಮತ್ತೆ ಬಂದಿತು. ಆದರೆ ಅಂಜುತ್ತಂಜುತ್ತ ಬಂದಿತು. ಮನೆಗಳನ್ನು ಎಂಟು ವರ್ಗಗಳಾಗಿ ವಿಂಗಡಿಸಿದರು. ಇಂಗ್ಲೆಂಡಿನಲ್ಲಿ 40,000 ಪೌಂಡಿನವರೆಗಿನದು ಮೊದಲನೆಯದು, 3,20,000 ಪೌಂಡನ್ನು ಮೀರಿದುದು ಕೊನೆಯದು. ಬೆಲೆಯ ಅಂತರ ಎಂಟರಷ್ಟಕ್ಕೂ ಮೇಲೆ. ತೆರಿಗೆಯ ಅಂತರ ಮೂರರಷ್ಟು ಮಾತ್ರ. ಬಡವನ ಮೇಲಿನ ಭಾರ ಹೆಚ್ಚೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ವೇಲ್ಸ್ ಒಂದು 2005ರಲ್ಲಿ ಧೈರ್ಯಮಾಡಿ ಬೆಲೆಗಳನ್ನು ಪರಿಷ್ಕರಿಸಿತು. ಮೇಲಿನ ವರ್ಗಕ್ಕೆ ಏರಿದ ಮನೆಗಳು ಕೆಳಗಿಳಿದವುಗಳಿಗಿಂತ ಬಹಳ ಹೆಚ್ಚು. ಆ ಗದ್ದಲವನ್ನು ಕಂಡ ಇಂಗ್ಲೆಂಡು, 2007ಕ್ಕೆಂದು ಗೊತ್ತುಮಾಡಿದ್ದ ತನ್ನ ಪರಿಷ್ಕರಣವನ್ನು ಮುಂದಕ್ಕೆ ಹಾಕಿತು. ಆದಕಾರಣ 2010ರಲ್ಲಿ ಕಟ್ಟಿದ ಮನೆಗೂ ಅಲ್ಲಿನ ಅಧಿಕಾರಿಯು, ಆ ಮನೆ 1991ರ ಏಪ್ರಿಲ್ 1ರಂದು ಇದ್ದಿದ್ದರೆ ಎಷ್ಟು ಬೆಲೆಗೆ ಹೋಗುತ್ತಿತ್ತೆಂದು ಊಹಿಸಿ ಬರೆದುಕೊಳ್ಳಬೇಕಾಯಿತು.