‘ಶಾಸನ’ ಪದದ ಅರ್ಥ ಮತ್ತು ಮೂಲ

ಕಲ್ಲಿನ ಮೇಲೆ, ತಾಮ್ರದ ತಗಡಿನ ಮೇಲೆ ಕೊರೆದ ಬರಹಕ್ಕೆ ಕನ್ನಡದಲ್ಲಿ ರೂಢಿಗೊಂಡಿರುವ ಹೆಸರು ‘ಶಾಸನ’. ಸಂಸ್ಕೃತದ ‘ಶಾಸ್’ ಧಾತುವಿನಿಂದ ಬಂದ ಈ ಪದಕ್ಕೆ ಆಳುವುದು, ಕಲಿಸುವುದು, ಅಪ್ಪಣೆ ಮಾಡುವುದು ಎಂಬ ಅರ್ಥಗಳಿವೆ. ಶಾಸ್ತ್ರ, ಶಿಷ್ಯ, ಶಾಸಕ ಎಂಬ ಪದಗಳೂ ಇದೇ ಧಾತುವಿನಿಂದ ಹುಟ್ಟಿದವು. ಇದರಲ್ಲಿ ಕಲ್ಲಿನ ಸುಳಿವಾಗಲಿ ಕೆತ್ತನೆಯ ಸುಳಿವಾಗಲಿ ಇಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಶಾಸನಾಧಿಕಾರ’ ಎಂಬ ಪ್ರಕರಣವೇ ಇದ್ದು, ಅದು ರಾಜನ ಆಜ್ಞಾಪತ್ರ ಬರೆಯುವ ಕ್ರಮವನ್ನು ವಿವರಿಸುತ್ತದೆ.

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದಲ್ಲಿ ಗೊರೇಬಾಳ ಎಂಬ ಹೆಸರಿನ ಊರುಗಳಿವೆ. ಈ ಸೀಮೆಯಲ್ಲಿ ಶಾಸನವೆಂದೊಡನೆ ನೆನಪಾಗುವುದು ಮಸ್ಕಿಯ ಬೆಟ್ಟದ ಬಂಡೆ. ಚಿನ್ನದ ಗಣಿಯ ಎಂಜಿನಿಯರ್ ಬೀಡನ್ 1915ರಲ್ಲಿ ಇದನ್ನು ಪತ್ತೆಹಚ್ಚಿದರು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಯವರು ಪಾಠವನ್ನು ಪ್ರಕಟಿಸಿದರು. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಲಿಪಿಯನ್ನು ಓದಿದಂದಿನಿಂದ ವಿದ್ವಾಂಸರಿಗೆ ಸಿಕ್ಕಿದ್ದು ‘ದೇವಾನಂಪಿಯ ಪಿಯದಸಿ’ ಎಂಬ ಬಿರುದು ಮಾತ್ರ. ಮಸ್ಕಿಯಲ್ಲಿ ‘ಅಸೋಕಸ’ ಎಂದು ಹೆಸರೇ ದೊರೆತು, ಆ ಅರಸ ಅಶೋಕನೇ ಎಂಬುದು ಖಚಿತವಾಯಿತು. ಗುಜರ್ರಾ, ನಿಟ್ಟೂರು, ಉಡೇಗೋಳಗಳಲ್ಲಿಯೂ ಈ ಹೆಸರು ಕಂಡದ್ದು ಅನಂತರದ ಮಾತು.

ಅಶೋಕನು ತನ್ನ ಬರಹಗಳನ್ನು ಏನೆಂದು ಕರೆದನು ಎಂಬ ಪ್ರಶ್ನೆ ಸ್ವಾರಸ್ಯಕರವಾದುದು. ಗಿರ್ನಾರಿನಲ್ಲಿ ಅದು ‘ಧಂಮಲಿಪಿ’. ಮಸ್ಕಿಯದೇ ವರ್ಗಕ್ಕೆ ಸೇರಿದ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬರಹ ತನ್ನನ್ನು ‘ಸಾವಣ’ ಎಂದು ಕರೆದುಕೊಳ್ಳುತ್ತದೆ. ಎಂದರೆ ಸಾರಿ ಕೇಳಿಸುವ ಮಾತು. ಓದು ಬಾರದವರೇ ಹೆಚ್ಚಿದ್ದ ಕಾಲದಲ್ಲಿ ಇದು ಸಹಜವೇ ಸರಿ. ‘ಸಾಸನ’ ಎಂಬ ಪದ ಸಾರನಾಥದ ಕಂಬದಲ್ಲಿ ಬರುತ್ತದೆ. ಅಲ್ಲಿ ಸಂಘವನ್ನು ಒಡೆಯುವವರ ವಿರುದ್ಧದ ಕಟ್ಟಳೆಯನ್ನು ‘ಸಾಸನ’ವೆಂದೂ ಅದರ ಬರೆದ ಪ್ರತಿಯನ್ನು ‘ಲಿಪಿ’ಯೆಂದೂ ಬೇರೆ ಬೇರೆಯಾಗಿಯೇ ಹೇಳಿದೆ.

‘ಲಿಪಿ’ ದೂರದಿಂದ ಬಂದ ಪದ. ವಾಯವ್ಯ ಗಡಿಯ ಶಾಹಬಾಜಗಢಿಯಲ್ಲಿ ಅದರ ರೂಪ ‘ದಿಪಿ’. ಹಳೆಯ ಪಾರಸಿಯಲ್ಲಿಯೂ ‘ದಿಪಿ’ ಎಂದರೆ ಕೊರೆದ ಬರಹ. ಅದರ ಬೇರು ಮೆಸೊಪೊಟೇಮಿಯದ ಮಣ್ಣಿನ ಫಲಕಗಳವರೆಗೆ ಹೋಗುತ್ತದೆ. ಬ್ರಹ್ಮಗಿರಿಯ ಲಿಪಿಕಾರ ಚಪಡನು ತನ್ನ ವೃತ್ತಿಯ ಹೆಸರನ್ನು ಮಾತ್ರ ವಾಯವ್ಯದ ಖರೋಷ್ಠಿಯಲ್ಲಿ ಬರೆದಿರುವುದು ಈ ಸಂಪರ್ಕಕ್ಕೆ ಒಳ್ಳೆಯ ನಿದರ್ಶನ. ಇನ್ನು ‘ಲೇಖ’ದ ಧಾತು ‘ಲಿಖ್’ ಎಂದರೆ ಗೀರುವುದು. ಕನ್ನಡದ ‘ಬರೆ’ಗೂ ಬರೆಯುವುದರ ಜೊತೆಗೆ ಗೆರೆ, ಸುಟ್ಟ ಗುರುತು ಎಂಬ ಅರ್ಥಗಳುಂಟು. ಕೆತ್ತುವ ಕೆಲಸಕ್ಕೆ ಹಳಗನ್ನಡದಲ್ಲಿ ‘ಕಂಡರಿಸು’ ಎಂಬ ಸೊಗಸಾದ ಕ್ರಿಯಾಪದವಿತ್ತು.

ಹಾಗಾದರೆ ಅಪ್ಪಣೆಯ ಪದ ಕಲ್ಲಿಗೆ ಅಂಟಿದ್ದೇಕೆ? ದಾನದಿಂದಾಗಿ. ಭೂಮಿ, ತೆರಿಗೆ, ಊರುಗಳನ್ನು ಬಿಟ್ಟುಕೊಟ್ಟ ರಾಜಾಜ್ಞೆ ತಲೆಮಾರುಗಳವರೆಗೆ ನಿಲ್ಲಬೇಕಾದ ಹಕ್ಕುಪತ್ರ. ಅದನ್ನು ತಾಮ್ರದ ಮೇಲೆ ಬರೆಸಿದಾಗ ತಾಮ್ರಶಾಸನ, ಕಲ್ಲಿನ ಮೇಲೆ ಬರೆಸಿದಾಗ ಶಿಲಾಶಾಸನ. ಸುಮಾರು ಕ್ರಿ.ಶ. 450ರದೆನ್ನಲಾದ ಹಲ್ಮಿಡಿ ಶಾಸನವೂ ವಿಜ ಅರಸನಿಗೆ ಊರುಗಳನ್ನು ಕೊಟ್ಟ ದಾಖಲೆಯೇ. ಕ್ರಮೇಣ ‘ಶಿಲಾ’ ಉದುರಿ, ಕೊರೆದದ್ದೆಲ್ಲವೂ ಶಾಸನವೆನಿಸಿತು. ಬಾದಾಮಿಯ ಕಪ್ಪೆ ಅರಭಟ್ಟನ ಬರಹದಲ್ಲಿ ಇರುವುದು ಒಬ್ಬ ವ್ಯಕ್ತಿಯ ಗುಣಗಾನ. ಶ್ರವಣಬೆಳಗೊಳದ ನಿಸಿದಿಗಳು ಮರಣದ ಸ್ಮಾರಕಗಳು. ವೀರಗಲ್ಲುಗಳದೂ ಅದೇ ಬಗೆ. ಇವುಗಳಲ್ಲಿ ಆಜ್ಞೆಯನ್ನು ಹುಡುಕುವುದು ವ್ಯರ್ಥ.

ಅರ್ಥದ ಈ ಗೊಂದಲಕ್ಕಿಂತ ಕಲ್ಲಿಗೆ ಹೆಚ್ಚು ಹಾನಿ ಮಾಡಿರುವುದು ನಿಧಿಯ ಭ್ರಮೆ. ಓದಲಾಗದ ಅಕ್ಷರವೆಂದರೆ ಹೂತಿಟ್ಟ ಹೊನ್ನಿನ ಗುರುತೆಂದು ನಂಬಿ ಬುಡ ಅಗೆದು, ಒಡೆದು ಹಾಕಿದ ಕಲ್ಲುಗಳು ನಾಡಿನ ಹಲವೆಡೆ ಇವೆ. ಓದಿದರೆ ಅಲ್ಲಿ ಸಿಗುವುದು ಸಾಮಾನ್ಯವಾಗಿ ಹೊಲದ ಎಲ್ಲೆ, ಕೆರೆ, ದೇಗುಲದ ದೀಪದೆಣ್ಣೆಯ ಲೆಕ್ಕ. ಕೊನೆಯಲ್ಲಿ ಶಾಪಾಶಯ: ಈ ದತ್ತಿಯನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ತಟ್ಟಲಿ ಎಂದು.